ಕಣ್ಣೊಳಗಿನ ಗಂಜಿ

ಕೌಲ್ ಬಜಾರ್, ಬಳ್ಳಾರಿ
೧೨-೧೧-೨೦೨೪, ಮಂಗಳವಾರ

ಪ್ರೀತಿಯ ಮಗಳು ನಾಗಲಕ್ಷ್ಮಿಗೆ,

ಅಪ್ಪನ ಆಶೀರ್ವಾದ. ಹೇಗಿದ್ದೀಯಮ್ಮ? ಏಳು ತಿಂಗಳು ತುಂಬಿತು, ಕಾಲಿನ ಬಾವು ಇಳಿಯಿತೇ? ಸಿರಿಗೇರಿಯಿಂದ ಎಲ್ಲಿಗೆ ಹೋದರೂ ಬಸ್ಸಿಗೇ ಹೋಗು, ಗಾಡಿಯ ಹಿಂದೆ ಕೂರಬೇಡ. ಅಪ್ಪ ಫೋನು ಬಿಟ್ಟು ಕಾಗದ ಬರೆದಿದ್ದಾನೆ, ಅದೂ ನೀನು ಕೆಲಸ ಮಾಡುವ ಅಂಗನವಾಡಿ ವಿಳಾಸಕ್ಕೆ ಎಂದು ಗಾಬರಿಯಾಗಬೇಡ. ನಮ್ಮದು ಒಂದೇ ಖೋಲಿ. ಪಿಸುಗುಟ್ಟಿದರೂ ನಿಮ್ಮಮ್ಮನಿಗೆ ಕೇಳುತ್ತದೆ. "ಬಸುರಿ ಹೆಣ್ಮಗಳಿಗೆ ಹೇಳಿದ್ರ ನನ್ನಾಣಿ ಐತಿ ನೋಡ್ರಿ" ಎಂದು ನನ್ನ ಬಾಯಿ ಕಟ್ಟಿದ್ದಾಳೆ. ಆಣೆ ಮುರಿಯುತ್ತಿದ್ದೇನೆ. ನಿಮ್ಮಮ್ಮನ ಬಲಗಣ್ಣು ಹೋಯಿತು, ತಾಯಿ.

ದಸರೆಯ ಹೊತ್ತಿಗೆ, ಹೊಲಿಯುವಾಗ ಕಣ್ಣ ಮುಂದೆ ಕರೀ ನೂಲು ತೇಲುತ್ತವೆ ಎಂದಳು. ಜೀನ್ಸ್ ಹೊಲಿಯುವವರ ಕಣ್ಣಿಗೆ ಬಟ್ಟೆಯ ಜುಂಗು ಬೀಳುವುದು ಹೊಸದೇ? "ತೊಳ್ಕೊ, ಹೋಗತೈತಿ" ಅಂದೆ. ತೊಳೆದಳು, ಹೋಗಲಿಲ್ಲ. ಕುರುಗೋಡಿನ ಜಂಬಮ್ಮಜ್ಜಿಯ ಹತ್ತಿರ ಕರೆದುಕೊಂಡು ಹೋದೆ. ಕಣ್ಣಿಗೆ ಬಿದ್ದ ಕಸವನ್ನು ನಾಲಿಗೆಯ ತುದಿಯಿಂದ ತೆಗೆಯುತ್ತಾಳಲ್ಲ, ಆಕೆ. ಮೂರು ಸಲ ನಾಲಿಗೆ ಆಡಿಸಿ ಅಂಗೈಗೆ ಉಗುಳಿ ನೋಡಿದಳು. ಏನೂ ಇಲ್ಲ. ಕಣ್ಣಂಚಿನಲ್ಲಿ ಮಿಂಚು ಹೊಡೆಯುತ್ತದೆ ಎಂದು ನಿಮ್ಮಮ್ಮ ಹೇಳಿದ್ದೇ ತಡ, ಅಜ್ಜಿ ನನ್ನ ಕಡೆ ತಿರುಗಿ, "ಇದು ನನ್ನ ನಾಲಿಗಿಗೆ ಸಿಗೋದಲ್ಲಪಾ ಭೀಮರಾಜ, ಇವತ್ತ ದವಾಖಾನಿಗೆ ಕರ್ಕೊಂಡು ಹೋಗು" ಅಂದಳು. ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಏನಂದೆ ಗೊತ್ತೇ? ದೀಪಾವಳಿಗೆ ಹೊಲಿದು ಕೊಡಬೇಕಾದ ಮಾಲು ಮುಗಿಯಲಿ, ಆಮೇಲೆ ಹೋಗೋಣ ಅಂದೆ. ಆಕೆ ಹೂಂ ಅಂದಳು. ಒಂಬತ್ತನೆಯ ದಿನ ಆ ಕಣ್ಣಿಗೆ ಕೆಳಗಿನಿಂದ ಕತ್ತಲೆ ಏರಿತು.

ಕಂಟೋನ್ಮೆಂಟ್ ಕಡೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು. ಕಣ್ಣಿನೊಳಗೆ ಗಟ್ಟಿ ಗಂಜಿಯಂಥದು ತುಂಬಿರುತ್ತದಂತೆ. ವಯಸ್ಸಾದಂತೆ ಅದು ನೀರೊಡೆದು, ಮುದುಡಿ, ಹಿಂದಿನ ಪರದೆಯಿಂದ ಬಿಡಿಸಿಕೊಳ್ಳುತ್ತದೆ. ಬಹಳ ಜನಕ್ಕೆ ಏನೂ ಆಗುವುದಿಲ್ಲ, ಕೆಲವರಿಗೆ ಬಿಡುವಾಗ ಪರದೆಯನ್ನೇ ಹರಿಯುತ್ತದೆ. ನಿಮ್ಮಮ್ಮನಿಗೆ ಆದದ್ದು ಅದೇ. ತೇಲುತ್ತಿದ್ದದ್ದು ಜೀನ್ಸಿನ ಜುಂಗಲ್ಲ, ಆ ಗಂಜಿಯ ಎಳೆಗಳ ನೆರಳು; ಅದು ಜಗ್ಗಿದಾಗಲೆಲ್ಲ ಮಿಂಚು. ನಿಮ್ಮಮ್ಮ ತಕ್ಷಣ, "ಸೀರಿಗಿ ಕಾಸಿದ ಗಂಜಿ ಮರುದಿನ ಪಾತ್ರಿ ಅಂಚು ಬಿಟ್ಟು ನೀರು ಬಿಟ್ಟಿರತೈತಲ್ಲ, ಹಂಗ" ಅಂದಳು. "ನಲವತ್ತೆಂಟಕ್ಕ ನನ್ನ ಕಣ್ಣು ಮುದುಕಿ ಆತು, ನೀವು ಮಾತ್ರ ಹುಡುಗನಂಗ ಅದೀರಿ" ಎಂದು ನನ್ನನ್ನು ನಗಿಸಲು ನೋಡಿದಳು. ಆಪರೇಷನ್ ಆಯಿತು. ತಡವಾಗಿತ್ತು, ಬೆಳಕು, ಕತ್ತಲೆ ಮಾತ್ರ ತಿಳಿಯುತ್ತದೆ. ಇಲ್ಲಿಯವರೆಗೆ ಒಂದು ಮಾತು ಬೈದಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬಲಗಡೆ ಕೂತ ನನ್ನನ್ನು ನೋಡಲು ಈಗ ಪೂರ್ತಿ ತಿರುಗುತ್ತಾಳೆ.

ಹೆರಿಗೆಗೆ ಬಂದಾಗ ಗೊತ್ತಿಲ್ಲದವಳಂತೆ ಇರು, ಆಕೆಯೇ ಹೇಳಲಿ. ನಿಮ್ಮ ಅತ್ತೆಯವರಿಗೆ ನಮಸ್ಕಾರ, ಅಳಿಯಂದಿರಿಗೆ ಆಶೀರ್ವಾದ. ಹೊಟ್ಟೆಯೊಳಗಿನ ಕೂಸು ತಣ್ಣಗಿರಲಿ.

ನಿನ್ನ ಅಪ್ಪ,
ಭೀಮರಾಜ

ಮತ್ತೊಂದು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಡಾಕ್ಟರಮ್ಮ ನಿನ್ನ ಬಗ್ಗೆಯೂ ಕೇಳಿದರು. ತಾಯಿಯಂತೆ ಮಗಳಿಗೂ ನಾಲ್ಕನೆಯ ಕ್ಲಾಸಿನಿಂದ ದಪ್ಪ ಗಾಜಿನ ಚಾಳೀಸು ಅಂದೆ. ಅಂಥ ಕಣ್ಣಿನ ಗಂಜಿ ಬೇಗ ಮುದಿಯಾಗುತ್ತದಂತೆ, ಒಮ್ಮೆ ತೋರಿಸಿಕೋ. ನೂಲು ತೇಲಿದರೆ, ಮಿಂಚು ಹೊಡೆದರೆ, ಅವತ್ತೇ ಆಸ್ಪತ್ರೆಗೆ ಹೊರಡು. ಅಳಿಯಂದಿರು ಒಳ್ಳೆಯವರೇ. ನಾನೂ ಕೆಟ್ಟವನಲ್ಲ. ಆದರೂ ಅವರು ನಾಳೆ ಹೋಗೋಣ ಅಂದರೆ ಕೇಳಬೇಡ, ಮಗಳೇ. ನಿಮ್ಮಮ್ಮ ನನ್ನ ಮಾತು ಕೇಳಿದಳು.