ಸೊಂಟದ ಅಳತೆ

ಹೊಲಿಗೆ ಅಂಗಡಿಯಿಂದ,
ಮಾರ್ಚ್ ೧೨, ಗುರುವಾರ ಮಧ್ಯಾಹ್ನ

ನನ್ನ ಮುದ್ದು ಮಗನಿಗೆ,

ಹೇಗಿದ್ದೀಯಪ್ಪಾ? ಹಡಗಿನ ಅಡುಗೆಮನೆಯಲ್ಲಿ ಅಷ್ಟು ಜನಕ್ಕೆ ಬೇಯಿಸಿ ಹಾಕುವ ನೀನು ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ ಇಲ್ಲವೋ. ಹೋದ ಸಲ ಕೈ ಸುಟ್ಟುಕೊಂಡಿದ್ದೆಯಲ್ಲ, ವಾಸಿಯಾಯಿತೇ? ನನ್ನ ಮಂಡಿನೋವು ಇದ್ದ ಹಾಗೇ ಇದೆ. ಮಷಿನ್ ತುಳಿಯುವುದನ್ನು ಬಿಟ್ಟರೆ ಇನ್ನೂ ಜೋರಾಗುತ್ತದೆ, ಅದಕ್ಕೇ ಬಿಟ್ಟಿಲ್ಲ. ನಿನ್ನ ಹೆಂಡತಿಯ ಆರೋಗ್ಯದ ವಿಷಯ ಮಾತ್ರ ಒಂದು ಸಾಲಿನಲ್ಲಿ ಮುಗಿಯುವಂಥದ್ದಲ್ಲ. ಗಾಬರಿಯಾಗಬೇಡ, ಕೂತು ಓದು.

ನಮ್ಮ ಕಸುಬಿನವರ ಕಣ್ಣೇ ಹಾಗೆ, ಎದುರಿಗೆ ಯಾರು ಬಂದರೂ ಮೊದಲು ಸೊಂಟದ ಅಳತೆ ಕಾಣುತ್ತದೆ. ಅವಳ ಹೊಸ ಅಂಗಿಗೆ ಅಳತೆ ಹಿಡಿದರೆ ಟೇಪು ಎರಡು ಇಂಚು ಮುಂದೆ ಹೋಯಿತು. ಅವಳು ಮುಟ್ಟಾಗಿ ಮೂರು ತಿಂಗಳು ಕಳೆದದ್ದು ನನಗೆ ಗೊತ್ತಿತ್ತು. ನೀನು ರಜೆ ಮುಗಿಸಿ ಹಡಗು ಹತ್ತಿದ್ದಕ್ಕೂ ಲೆಕ್ಕ ಸರಿಹೋಯಿತು. ಇನ್ನೇನು ಬೇಕು! "ನಂಗೆ ಯಾವಾಗ್ಲೂ ಹೀಗೇ ಹಿಂದುಮುಂದು ಆಗ್ತಿರುತ್ತೆ ಅತ್ತೆ" ಅಂದಳು. ನಾನು ಕೇಳಬೇಕಲ್ಲ! ಗಿರಾಕಿಗಳ ಬಟ್ಟೆ ಬದಿಗಿಟ್ಟು, ಮೆತ್ತಗಿನ ತುಂಡುಬಟ್ಟೆ ಆರಿಸಿ, ಅಂಗೈಯಗಲದ ನಾಲ್ಕು ಅಂಗಿ ಹೊಲಿದೇಬಿಟ್ಟೆ. ಅದನ್ನು ಕಂಡು ಪಕ್ಕದ ಮಷಿನಿನವಳು ಕಣ್ಣು ಮಿಟುಕಿಸಿದಳು. ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ.

ಆಮೇಲೆ ಆಸ್ಪತ್ರೆಗೆ ಹೋದೆವು. ಸ್ಕ್ಯಾನ್ ಮಾಡಿದ ಡಾಕ್ಟರಮ್ಮ ಗರ್ಭ ಇಲ್ಲ, ಇದು ಪಿಸಿಓಎಸ್ ಎಂದರು. ಗಡ್ಡೆಯೇ ಎಂದು ಕೇಳಿದೆ. ಅಲ್ಲವಂತೆ. ಅಂಡಾಶಯದಲ್ಲಿ ಮೊಟ್ಟೆಗಳು ಬೆಳೆಯಲು ಶುರುಮಾಡಿ ಅರ್ಧಕ್ಕೇ ನಿಂತುಬಿಡುತ್ತವಂತೆ, ಹೊರಗೆ ಬರುವುದಿಲ್ಲವಂತೆ. ಹಾಗೆ ನಿಂತವೇ ಸ್ಕ್ಯಾನಿನಲ್ಲಿ ಸಣ್ಣ ಸಣ್ಣ ನೀರಗುಳ್ಳೆಗಳಾಗಿ ಕಾಣುವುದು. ಮೊಟ್ಟೆ ಹೊರಬರದಿದ್ದರೆ ಮುಟ್ಟೂ ತಡ, ಬಸಿರು ನಿಲ್ಲುವುದೂ ತಡ. ಎಲ್ಲ ಹಾರ್ಮೋನುಗಳ ಏರುಪೇರು. ಮೈತೂಕ ಏರಿದ್ದು, ಗಲ್ಲದ ಮೇಲೆ ಕೂದಲು ಬರುವುದು (ಪಾಪ, ಬಾಗಿಲು ಹಾಕಿಕೊಂಡು ಕೀಳುತ್ತಿದ್ದಳು) ಅದರದ್ದೇ ಕೆಲಸ. ಇದರಲ್ಲಿ ಅವಳ ತಪ್ಪು ಎಳ್ಳಷ್ಟೂ ಇಲ್ಲ. "ಮಕ್ಕಳೇ ಆಗಲ್ಲ ಅಂತ ಅಲ್ಲ" ಎಂದು ಡಾಕ್ಟರಮ್ಮ ಮತ್ತೆ ಮತ್ತೆ ಹೇಳಿದರು. ನಡಿಗೆ, ಊಟದಲ್ಲಿ ಹಿಡಿತ, ಮೊಟ್ಟೆ ಹೊರಬರಲು ಮಾತ್ರೆ. ಎಷ್ಟೋ ಜನಕ್ಕೆ ಅಷ್ಟರಲ್ಲೇ ಬಸಿರಾಗುತ್ತದಂತೆ. ಖಾತ್ರಿ ಮಾತ್ರ ಯಾರಿಗೂ ಕೊಡಲಾರರಂತೆ. ಮಗು ಬೇಡವೆಂದರೂ ಮುಟ್ಟನ್ನು ಹೀಗೇ ಬಿಡುವಂತಿಲ್ಲ, ಸಕ್ಕರೆ ಕಾಯಿಲೆ ಬಾರದಂತೆಯೂ ನೋಡಿಕೊಳ್ಳಬೇಕು. ಕೊನೆಗೆ, ಗಂಡನ ಪರೀಕ್ಷೆಯೂ ಆಗಬೇಕು ಎಂದರು. ನನ್ನ ಮಗನಿಗೇನಾಗಿದೆ ಎಂದು ಸಿಡುಕಿದೆ. "ಮಗು ಒಬ್ರಿಂದಲೇ ಆಗುತ್ತೇನಮ್ಮಾ?" ಅಂದರು. ಬಂದಾಗ ನೀನೂ ಹೋಗಿ ಬರಬೇಕು, ಮುಖ ಸೊಟ್ಟಗೆ ಮಾಡಬೇಡ.

ಅವಳು ಅಳಲಿಲ್ಲ ಕಣೋ. ಅದೇ ನನಗೆ ಹೆದರಿಕೆ. ಮರುದಿನ ಅಂಗಿಯ ಗುಂಡಿಗೆ ಕಾಜಾ ಹೊಲಿಯುತ್ತ, ತಲೆ ಎತ್ತದೆ, "ಅವ್ರು ಬೇರೆ ಮದುವೆ ಆಗ್ಲಿ ಅತ್ತೆ, ನಾನು ಅಮ್ಮನ ಮನೇಲಿ ಇದ್ಬಿಡ್ತೀನಿ" ಅಂದಳು. ಚೆನ್ನಾಗಿ ಬೈದೆ. ಬೀದಿಯವರು ಎಷ್ಟು ತಿಂಗಳು ಎಂದು ಕೇಳುತ್ತ ಬಂದರೆ ಬಾಗಿಲಲ್ಲೇ ನಾನು ಸಾಗಹಾಕುತ್ತೇನೆ. ದಿನಾ ಸಂಜೆ ಇಬ್ಬರೂ ನಡೆಯಲು ಹೋಗುತ್ತೇವೆ. ನನ್ನ ಮಂಡಿಗೆ ಒಳ್ಳೆಯದು ಎಂದು ಅವಳಿಗೆ ಹೇಳಿದ್ದೇನೆ, ನಿಜವಾಗಿ ಯಾಕೆಂದು ಅವಳಿಗೂ ಗೊತ್ತು. ಮೊಮ್ಮಗುವಿನ ಆಸೆ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಈ ಹುಡುಗಿ ಹೋದರೆ ನಾನು ಆ ಮನೆಯಲ್ಲಿ ಹೇಗಿರಲಿ?

ಹೊಟ್ಟೆ ತುಂಬ ಉಣ್ಣು, ಕಣ್ತುಂಬ ನಿದ್ದೆ ಮಾಡು, ಯಾವ ಸಮುದ್ರದಲ್ಲಿದ್ದರೂ ಚೆನ್ನಾಗಿರು. ನಿನ್ನ ಜೊತೆಯವರನ್ನೂ ಕೇಳಿದೆನೆಂದು ಹೇಳು.

ನಿನ್ನ ದಾರಿ ಕಾಯುತ್ತಿರುವ
ಅಮ್ಮ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಕೈ ಬರಲಿಲ್ಲ. ಅವಳು ನಿನ್ನೆಯೇ ಬಟ್ಟೆ ಚೀಲಕ್ಕೆ ತುಂಬಿದ್ದಾಳೆ. ಹಡಗು ದಡ ಸೇರಿ ನೀನು ಫೋನ್ ಮಾಡಿದಾಗ ನಿನಗೊಂದು ಮಾತು ಹೇಳಿ ಹೊರಡುತ್ತಾಳಂತೆ. ದಡದಲ್ಲಿ ಈ ಕಾಗದ ಕೈಗೆ ಸಿಕ್ಕ ಕೂಡಲೇ ಫೋನ್ ಅವಳಿಗೇ ಮಾಡು. ಅವಳು ಬಾಯಿ ತೆರೆಯುವ ಮೊದಲೇ ನೀನು ಮಾತಾಡು. ಪರೀಕ್ಷೆ, ಮಾತ್ರೆ, ಮಗು ಎಲ್ಲ ಆಮೇಲೆ, ಮೊದಲು ಹೋಗಬೇಡ ಅನ್ನು. ನಾನು ದಿನಾ ಅನ್ನುತ್ತಲೇ ಇದ್ದೇನೆ. ನಾನು ಅಂದರೆ ಅದು ಅತ್ತೆಯ ಕನಿಕರ ಅಂದುಕೊಳ್ಳುತ್ತಾಳೆ.