ಹಿಂದಿನ ಸೀಟು ಸುಮ್ಮನಾದಾಗ

ಅಮ್ಮಾ,

ಇವತ್ತು ಪಕ್ಕದ ಮನೆಯ ಪುಟ್ಟ ಹುಡುಗಿ ನನ್ನ ಕಾರಿನಲ್ಲಿ ಸಾಯುವುದರಲ್ಲಿದ್ದಳು. ಅವಳನ್ನೂ ನಿನ್ನ ಮೊಮ್ಮಗಳನ್ನೂ ಶಾಲೆಯಿಂದ ಕರೆತರುವ ಸರದಿ ನನ್ನದಾಗಿತ್ತು. ಹಸಿದಿರುತ್ತಾರೆಂದು ದ್ರಾಕ್ಷಿಯ ಡಬ್ಬಿ ಹಿಂದಕ್ಕೆ ಕೊಟ್ಟೆ. ಕಿತ್ತಾಡುತ್ತಿದ್ದವರು ಇದ್ದಕ್ಕಿದ್ದಂತೆ ಸುಮ್ಮನಾದರು. ಸದ್ಯ, ಬಾಯಿ ಮುಚ್ಚಿದರಲ್ಲ ಅಂದುಕೊಂಡೆ.

"ಅಮ್ಮಾ, ಇವಳು ಮಾತೇ ಆಡ್ತಿಲ್ಲ," ಎಂದಳು ನಿನ್ನ ಮೊಮ್ಮಗಳು.

ತಿರುಗಿ ನೋಡಿದರೆ ಆ ಮಗುವಿನ ತುಟಿ ನೀಲಿಗಟ್ಟಿತ್ತು. ಕಾರು ನಿಲ್ಲಿಸಿ, ಅವಳನ್ನು ಹೊರಗೆಳೆದು, ತೊಡೆಯ ಮೇಲೆ ಬೋರಲು ಹಾಕಿಕೊಂಡು ಬೆನ್ನಿಗೆ ಗುದ್ದಿದೆ, ಮತ್ತೆ ಗುದ್ದಿದೆ. ಹಣ್ಣು ಹೊರಗೆ ಬಿತ್ತು. ಅವಳು ಜೋರಾಗಿ ಅತ್ತಳು. ಡಾಕ್ಟರು ನೋಡಿ, ಏನೂ ಆಗಿಲ್ಲ ಎಂದರು.

ಅವಳ ತಾಯಿಗೆ ನಡೆದದ್ದೆಲ್ಲ ಹೇಳಿದೆ. ಬೈಯುತ್ತಾರೆಂದು ಕಾದರೆ, ಮಗಳನ್ನು ಅವುಚಿಕೊಂಡು ನನ್ನ ಕೈ ಹಿಡಿದರು.

"ನೀವಿದ್ರಿ, ಮಗು ಉಳೀತು. ನಾಳೆ ನನ್ನ ಸರದಿ. ನಿಮ್ಮ ಮಗಳಿಗೆ ತಿನ್ನೋಕೆ ಏನ್ ತರ್ಲಿ?"

"ಏನೂ ಕೊಡ್ಬೇಡಿ," ಎಂದುಬಿಟ್ಟೆ.

ಅವರು ಮೆಲ್ಲಗೆ ಕೈ ಬಿಟ್ಟರು.

ಬೀದಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ನೀನು ತುತ್ತು ಕೊಡುತ್ತಿದ್ದೆಯಲ್ಲ, ನಿನಗೂ ಹೀಗೆ ಭಯವಾಗುತ್ತಿತ್ತೇನಮ್ಮ? ನೀನಿದ್ದಾಗ ಕೇಳಬೇಕೆಂದು ಹೊಳೆಯಲೇ ಇಲ್ಲ.