ಪದ್ಮಿನಿ ಟೀಚರ ಬ್ಯಾಗುಗಳು

ಗುರುವಾರ, 5 ಜೂನ್

ಮಳೆ. ಅಂಟು ಒಣಗ್ತಾನೇ ಇಲ್ಲ. ಮೈಸೂರಿನ ಗುಜರಿಯಲ್ಲಿ ಸಿಕ್ಕ ಕಂದು ಬ್ಯಾಗಿಗೆ ಹೊಸ ಲೈನಿಂಗ್ ಹಾಕಿ ಕ್ಲಿಪ್ ಕಚ್ಚಿಸಿಟ್ಟು ಎರಡು ದಿನ ಆಯ್ತು, ಇನ್ನೂ ಹಸಿ. ಅಂಗಡಿ ತುಂಬ ಬೂಷ್ಟಿನ ವಾಸನೆ. ಪಕ್ಕದ ಜೆರಾಕ್ಸ್ ಅಂಗಡಿ ಭವ್ಯ ಮೂಗು ಮುಚ್ಚಿಕೊಂಡೇ ಬಂದು ಫೋಟೋ ತೆಗೆದಳು. ನಾನು ರಿಪೇರಿ ಮಾಡಿದ ಹಳೇ ಬ್ಯಾಗುಗಳನ್ನ ಇನ್‌ಸ್ಟಾಗ್ರಾಂನಲ್ಲಿ ಹಾಕಿ ಮಾರಿಸೋಳು ಅವಳೇ.

"ಅಕ್ಕ, ವಿಂಟೇಜ್ ಅಂತ ಬರೀತೀನಿ. ಹಳೇದು ಅಂದ್ರೆ ಯಾರೂ ತಗಳಲ್ಲ."

ಬರಿ ಅಂದೆ. ಆ ಲೆಕ್ಕದಲ್ಲಿ ನಾನೂ ವಿಂಟೇಜೇ. ನಲವತ್ತಾರು.

ಹನ್ನೊಂದರ ಹೊತ್ತಿಗೆ ಅವರು ಬಂದರು. ಗುರುಪ್ರಕಾಶ್. ಅಜ್ಜೀಪುರದ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್, ಮನೆ ಹನೂರು. ಔಷಧಿ ಒಯ್ಯೋಕೆ ಗುರುವಾರ ಕೊಳ್ಳೇಗಾಲಕ್ಕೆ ಬರ್ತಾರೆ. ಬರುವಾಗ ತೀರಿಕೊಂಡ ಹೆಂಡತಿಯ ಒಂದು ಬ್ಯಾಗು ತಂದು ನನಗೆ ಮಾರ್ತಾರೆ. ಇದು ಮೂರನೇದು. ಎಲ್ಲ ಒಟ್ಟಿಗೇ ತಂದುಬಿಡಬಹುದಿತ್ತು. ತರಲ್ಲ. ನಾನೂ ಯಾಕೆ ಅಂತ ಕೇಳಿಲ್ಲ.

"ಬೀರುವಿನಲ್ಲಿ ಬೂಷ್ಟು ಇಡ್ಕತಾವೆ ಕಣ್ರಿ. ಯಾರಾರ ಆಕ್ಕಂಡು ಓಡಾಡ್ಲಿ. ಅವ್ಳು ಸುಮ್ನೆ ಮಡಗೋಳಲ್ಲ."

ಪದ್ಮಿನಿ ಅಂತ. ಹನೂರಿನಲ್ಲಿ ಟೀಚರ್ ಆಗಿದ್ದವರು. ಹೋಗಿ ಎರಡು ವರ್ಷ. ಅವರಣ್ಣ ರಾಣಿಪೇಟೆಯ ಚರ್ಮದ ಫ್ಯಾಕ್ಟರಿಯಲ್ಲಿ ಕಟಿಂಗ್ ಮಾಸ್ಟರ್. ಫಾರಿನ್‌ಗೆ ಹೋಗೋ ಮಾಲಿಗೆ ಒಂದು ಗೀರು ಬಿದ್ದರೂ ತೆಗೆದು ಆಚೆ ಇಡ್ತಾರಂತೆ. ಅಂಥದ್ದನ್ನ ಪೊಂಗಲ್‌ಗೆ ತಂಗಿಗೆ ಕಳಿಸೋರು. ಇಪ್ಪತ್ತೈದು ಮೂವತ್ತು ವರ್ಷದ ಹಿಂದಿನ ಚರ್ಮ. ಈಗ ಹುಡುಕಿದರೂ ಅಂಥದ್ದು ಸಿಗಲ್ಲ.

ಬೇರೆ ಗಿರಾಕಿಗಳು ಹೊಸ್ತಿಲಾಚೆ ನಿಂತೇ ಬ್ಯಾಗು ಚಾಚ್ತಾರೆ. ಯಳಂದೂರಿನ ಮೆಟ್ಟು ಹೊಲಿಯೋ ಮನೆಯವಳು ನಾನು, ನಮ್ಮ ಜನ ಯಾರು ಅಂತ ಎಲ್ಲರಿಗೂ ಗೊತ್ತು. ಇವರು ಮೊದಲ ದಿನವೇ ಒಳಗೆ ಬಂದು, ಸ್ಟೂಲು ಎಳೆದುಕೊಂಡು ಕೂತು, ನೀರು ಕೇಳಿದರು. ನನ್ನ ಲೋಟದಲ್ಲೇ ಕುಡಿದರು. ಅವತ್ತೇ ಹತ್ತಿಕೊಂಡಿದ್ದು ಅಂತ ಕಾಣುತ್ತೆ ನನಗೆ ಈ ಕಾಯಿಲೆ.

ಸೋಮವಾರ, 9 ಜೂನ್

ಪದ್ಮಿನಿಯವರ ಬ್ಯಾಗಿನ ಲೈನಿಂಗ್ ಬಿಚ್ಚಿದೆ. ಜೇನು ಬಣ್ಣ, ಒಂಟಿ ಪಟ್ಟಿ, ಹಿತ್ತಾಳೆ ಬಕಲ್. ಒದ್ದೆ ಬಟ್ಟೆಯಲ್ಲಿ ಒರೆಸಿ, ಸೋಪು ಹಚ್ಚಿ ತೆಗೆದು, ನೆರಳಲ್ಲಿ ಇಟ್ಟಿದೀನಿ. ಎಣ್ಣೆ ನಾಳೆ.

ಕುಳ್ಳಗಿದ್ದರು ಅನ್ನಿಸುತ್ತೆ. ಮೂರೂ ಬ್ಯಾಗಿನ ಪಟ್ಟಿ ಮೇಲಿನ ತೂತಿಗೇ ಬಿಗಿದಿತ್ತು. ಎಡ ಭುಜಕ್ಕೆ ಹಾಕೋರು. ಮೊಣಕೈ ಒತ್ತುವ ಕಡೆ ಚರ್ಮ ಕಪ್ಪಾಗಿ ನುಣುಪಾಗಿದೆ. ಬಸ್ಸಲ್ಲಿ ಅವುಚಿಕೊಂಡು ನಿಂತಿರ್ತಾರೆ. ಲೈನಿಂಗಿನ ಹೊಲಿಗೆ ಸಂದೀಲೆಲ್ಲ ಸೀಮೆಸುಣ್ಣದ ಪುಡಿ. ಸೂಜಿ ತುದಿಯಲ್ಲಿ ಕೆದಕಿದರೂ ಪೂರ್ತಿ ಬರಲ್ಲ. ಗುಲಾಬಿ ಬಣ್ಣದ್ದೂ ಇದೆ.

ಕಣ್ಣಲ್ಲಿ ನೋಡದ ಹೆಂಗಸಿನ ಎತ್ತರ ಗೊತ್ತು ನನಗೆ. ಭುಜ ಗೊತ್ತು. ಮುಖ ಹೇಗಿತ್ತೋ... ಅವರನ್ನ ಕೇಳಬೇಕು ಅನ್ಕೊಳ್ತೀನಿ, ಕೇಳಲ್ಲ.

ಸಂಜೆ ಬಾಗಿಲು ಎಳೆದುಕೊಂಡು ಭುಜಕ್ಕೆ ಹಾಕಿ ನೋಡಿದೆ. ಕಂಕುಳಿಗೇ ಬಂತು. ತೂತು ಬದಲಿಸಿ ಇಳಿಸಿಕೊಂಡೆ. ಕನ್ನಡಿಯಲ್ಲಿ ಚೆನ್ನಾಗೇ ಕಾಣಿಸ್ತಿದ್ದೆ. ಆಮೇಲೆ ನಾಚಿಕೆ ಆಯ್ತು. ಇನ್ನೊಬ್ಬರ ಜಾಗಕ್ಕೆ ಕೈ ಹಾಕಿದ ಹಾಗೆ. ಮತ್ತೆ ಅವರ ತೂತಿಗೇ ಬಿಗಿದಿಟ್ಟೆ.

ಗುರುವಾರ, 3 ಜುಲೈ

ಬಂದಿದ್ದರು. ಜೇನು ಬಣ್ಣದ್ದು ಎಲ್ಲಿಗೆ ಹೋಯ್ತು ಅಂತ ಮೊದಲು ಅದನ್ನೇ ಕೇಳಿದರು. ಮಂಡ್ಯದ ಒಬ್ಬ ಲಾಯರಮ್ಮ ತರಿಸಿಕೊಂಡರು ಅಂದೆ. ಮುಖ ಅರಳಿತು.

"ಕೋರ್ಟ್‌ಗೆ ಓಗ್ಲಿ ಬುಡಿ. ಅವ್ಳಿಗೂ ವಾದ ಮಾಡದು ಅಂದ್ರೆ ಪ್ರಾಣ."

ಸೀಮೆಸುಣ್ಣದ ಪುಡಿಯ ವಿಷಯ ಹೇಳಿದೆ. ಬಿಚ್ಚಿಟ್ಟಿದ್ದ ಹಳೇ ಲೈನಿಂಗಿನ ಹೊಲಿಗೆ ಸಂದಿ ತೋರಿಸಿದೆ. ಅದರ ಮೇಲೆ ಬೆರಳಾಡಿಸಿದರು. ಆಮೇಲೆ, "ಸೀರೆ ಒದರ್ಕಂಡು ಒಳಿಕ್ ಬಾ ಅಂತ ದಿನಾ ರೇಗೋನು ಕಣ್ರಿ ನಾನು" ಅಂದರು.

ಟೀ ತರಿಸಿದೆ. ಒಬ್ಬರೇ ಇರೋದಾ ಅಂತ ಕೇಳಿದರು. ದೊಡ್ಡವ್ವ ಜೊತೇಲವ್ಳೆ ಸಾ, ಅಂದೆ. ಯಜಮಾನ್ರು? ಅಂದರು.

"ತಿರುಪುರ್ ಸೇರ್ಕಂಡ್ರು. ಅಲ್ಲೇ ಸಂಸಾರ. ಇಪ್ಪತ್ತು ವರ್ಸ ಆಯ್ತು ಸಾ."

ಅಯ್ಯೋ ಪಾಪ ಅನ್ನಲಿಲ್ಲ. ಅದಕ್ಕೇ ಇನ್ನೂ ಇಷ್ಟ ಆದರು. ಹೆಲ್ಮೆಟ್ ಎತ್ತಿಕೊಂಡು ಬಾಗಿಲಲ್ಲಿ ತಿರುಗಿ ನಿಂತು, "ಇನ್ನೆರಡು ಅವೆ" ಅಂದರು.

ಶುಕ್ರವಾರ, 4 ಜುಲೈ

ಇನ್ನೆರಡು. ಆಮೇಲೆ?

ಇವತ್ತು ಯಾವ ಕೆಲಸವೂ ಆಗಲಿಲ್ಲ. ಒಂದು ಜಿಪ್ಪನ್ನ ತಲೆಕೆಳಗಾಗಿ ಕೂರಿಸಿ ಮತ್ತೆ ಬಿಚ್ಚಿದೆ.

ಗುರುವಾರ, 7 ಆಗಸ್ಟ್

ಒಂದು ತಂದರು. ಮರೂನ್, ಎರಡು ಹಿಡಿ. ಒಂದು ಹಿಡಿ ಕಿತ್ತಿದೆ. ಇನ್ನು ಒಂದೇ ಉಳೀತು.

ಭವ್ಯಳ ಕಣ್ಣು ಬಹಳ ಚುರುಕು. "ಏನಕ್ಕ, ಗುರುವಾರ ಆದ್ರೆ ಸೆರಗಿಗೆ ಪಿನ್ನು, ತಲೇಲಿ ಹೂವು?" ಅಂದಳು. ನಿನ್ನ ಮೆಷಿನ್‌ನಲ್ಲಿ ಪೇಪರ್ ಸಿಕ್ಕಾಕಿಕೊಂಡಿದೆ ನೋಡು ಹೋಗು ಅಂತ ಗದರಿದೆ. ಪೇಪರ್ ನಿಜವಾಗಲೂ ಸಿಕ್ಕಾಕಿಕೊಂಡಿತ್ತು.

ದೊಡ್ಡವ್ವನ ಕಿವಿಗೂ ಬಿದ್ದಿದೆ. ಸೊಪ್ಪು ಬಿಡಿಸ್ತಾ ಬಿಡಿಸ್ತಾ ಶುರು ಮಾಡಿದಳು.

"ಲೇ ಯಶೋದಿ, ಅಂಗ್ಡೀಲಿ ಯಾರೋ ಗಂಡ್ಸು ಬಂದು ಕುಂತ್ಕತನಂತೆ?"

"ಬ್ಯಾಗ್ ಮಾರಕ್ಕೆ ಬತ್ತರೆ ಕಣವ್ವ."

"ಬ್ಯಾಗು ಮುಗುದ್ಮೇಲೆ?"

ಅವಳು ಸೊಪ್ಪಿನ ಕಡ್ಡಿ ಆಚೆ ಎಸೆದು ಹೇಳಿದಳು: "ನಮ್ ತಾತ ಮುತ್ತಾತ ಬೆಟ್ಟದ ರಂಗಪ್ಪಂಗೆ ಮೆಟ್ಟು ಒಲ್ದೋರು. ದೇವ್ರು ಆಕ್ಕತನೆ ಕಣೆ. ಮನ್ಸ್ರು ಅವ್ರ ಮನೆ ಒಳಿಕ್ಕೆ ಬುಟ್ಕತರ?"

ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ಊಟ ಸೇರಲಿಲ್ಲ.

ಗುರುವಾರ, 4 ಸೆಪ್ಟೆಂಬರ್

ಕೊನೆಯದು ಬಂತು. ಸಣ್ಣದು, ಕಪ್ಪು. ಆಸ್ಪತ್ರೆ ಓಡಾಟದ ವರ್ಷ ಪದ್ಮಿನಿಯವರು ಇದನ್ನೇ ಹಿಡಿಯೋರಂತೆ. ಒಳಗೆ ಮಾತ್ರೆ ವಾಸನೆ.

ಮೇಜಿನ ಮೇಲಿಟ್ಟು, "ಇದೇ ಕಡೇದು" ಅಂದರು. ಹ್ಞೂಂ ಅಂದೆ. ಟೀ ಆರಿತು. "ಆಯ್ತು, ಬತ್ತೀನಿ" ಅಂದರು, ಏಳಲಿಲ್ಲ. ದನಗಳಿಗೆ ಕಾಲುಬಾಯಿ ಜ್ವರ ಬಂದಿರೋ ವಿಷಯ ಹೇಳಿದರು. ಮತ್ತೆ "ಬತ್ತೀನಿ" ಅಂದರು. ಲೊಕ್ಕನಹಳ್ಳಿ ಕಡೆ ಆನೆ ಇಳಿದಿರೋದು ಹೇಳಿದರು. ನನಗೆ ಆನೆಯೂ ಬೇಡ, ದನವೂ ಬೇಡ. ಆದರೆ ಇನ್ನೊಂದು ಹೇಳಲಿ, ಇನ್ನೊಂದು ಹೇಳಲಿ ಅಂತ ಕೂತಿದ್ದೆ.

ಕೊನೆಗೆ ಎದ್ದರು. ಇನ್ನು ಯಾಕೆ ಬರ್ತಾರೆ?

ಶನಿವಾರ, 20 ಸೆಪ್ಟೆಂಬರ್

ಕಪ್ಪು ಬ್ಯಾಗು ಮುಗಿಸೋಕೆ ಮನಸ್ಸಿಲ್ಲ. ಚೆನ್ನಾಗಿದ್ದ ಹೊಲಿಗೆಯನ್ನೇ ಬಿಚ್ಚಿ ಮತ್ತೆ ಹೊಲಿದೆ. ಬೆಂಗಳೂರಿನ ಗಿರಾಕಿ ಕಾಯ್ತಿದ್ದಾರೆ ಅಂತ ಭವ್ಯ ಪ್ರಾಣ ತಿಂತಾಳೆ. ಬಣ್ಣ ಒಣಗಿಲ್ಲ ಅಂದೆ. ಬಣ್ಣವೇ ಹಚ್ಚಿಲ್ಲ.

ಎರಡು ಗುರುವಾರ ಆಯ್ತು... ಔಷಧಿ ಅಂಗಡಿ ಮುಂದೆ ಅವರ ಬೈಕ್ ನೋಡಿದೆ ಒಂದು ದಿನ. ನಮ್ಮ ಗಲ್ಲಿಗೆ ತಿರುಗಲಿಲ್ಲ.

ಗುರುವಾರ, 9 ಅಕ್ಟೋಬರ್

ಬಂದರು! ಕೈಯಲ್ಲಿ ಇನ್ನೊಂದು ಬ್ಯಾಗು.

"ಅಟ್ಟದ್ಮೇಲೆ ಇತ್ತು ಕಣ್ರಿ. ಮರ್ತೇ ಓಗಿತ್ತು."

ಎಷ್ಟು ಖುಷಿ ಅಂದರೆ ಟೀ ಬದಲು ಬಾದಾಮಿ ಹಾಲು ತರಿಸಿದೆ. ಮುಂದಿನ ಗುರುವಾರ ಬಂದು ಕೇಳ್ತೀನಿ ಎಷ್ಟಕ್ಕೆ ತಗೋತೀರ ಅಂತ, ಅಂದು ಹೊರಟರು. ಮುಂದಿನ ಗುರುವಾರ!

ಸಂಜೆ

ಬ್ಯಾಗು ತೆಗೆದು ನೋಡಿದೆ. ಪಟ್ಟಿ ಕಡೇ ತೂತಿಗಿದೆ. ಸವೆದಿರೋದು ಬಲಗಡೆ. ಒಳಗೆ ಕಲ್ಕತ್ತಾದ ಲೇಬಲ್. ಯಾರೋ ಎತ್ತರದ ಹೆಂಗಸಿನದು.

ಆದರೆ ಸೀಮೆಸುಣ್ಣ ಇದೆ. ಬಿಳೀದು, ಹೊಸದು, ಮೂಲೆಯಲ್ಲಿ ಒಂದು ಚಿಟಿಕೆ. ಬೆರಳಿಗೆ ಹಾಗೇ ಅಂಟಿ ಬಂತು. ಹೊಲಿಗೆ ಸಂದಿಯಲ್ಲಿ ಒಂದು ಕಣವೂ ಇಲ್ಲ.

ಮೊದಲು ನಗು ಬಂತು. ಐವತ್ತು ದಾಟಿದ ಗಂಡಸು ಎಲ್ಲೋ ಹೋಗಿ ಹಳೇ ಬ್ಯಾಗು ಹುಡುಕಿ ತಂದು, ಮನೆಯಲ್ಲಿ ಕೂತು ಸೀಮೆಸುಣ್ಣ ಪುಡಿ ಮಾಡಿ ಉದುರಿಸಿದ್ದಾರೆ. ನಾನು ಯಾವಾಗಲೋ ಹೇಳಿದ ಮಾತು ಮನಸ್ಸಲ್ಲಿಟ್ಟುಕೊಂಡು. ಇಲ್ಲಿಗೆ ಬರೋಕೆ ಒಂದು ನೆಪ ಬೇಕು ಅಂತ.

ಆಮೇಲೆ ಅಳು ಬಂತು. ನನಗೋಸ್ಕರ ಯಾರೂ ಯಾವತ್ತೂ ಇಷ್ಟು ಕಷ್ಟಪಟ್ಟು ಸುಳ್ಳು ಹೇಳಿಲ್ಲ.

ಗುರುವಾರ, 16 ಅಕ್ಟೋಬರ್

ಹಾಳು ಮಾಡಿಕೊಂಡೆ. ನಾನೇ.

ವಾರವೆಲ್ಲ ಅಂದುಕೊಂಡಿದ್ದು ಒಂದೇ, ಏನೂ ಗೊತ್ತಿಲ್ಲದವಳ ಹಾಗೆ ತಗೊಂಡುಬಿಡೋದು ಅಂತ. ಅವರು ಬಂದು ಕೂತರು. "ಇದು ಅಂದ್ರೆ ಅವ್ಳಿಗೆ ಬೋ ಇಷ್ಟ. ಮದ್ವೆ ಮನೆಗೆಲ್ಲ ಇದ್ನೇ ಆಕ್ಕಳೋಳು" ಅಂತ ಶುರು ಮಾಡಿದರು. ನನಗೆ ತಡೆಯೋಕಾಗಲಿಲ್ಲ. ಪದ್ಮಿನಿಯವರು ಎದುರಿಗೆ ನಿಂತು ಕೇಳಿಸಿಕೊಳ್ತಿದ್ದಾರೆ ಅನ್ನಿಸ್ತು. ಅವರ ಎಲ್ಲ ಬ್ಯಾಗು ನನ್ನ ಕೈಯಲ್ಲಿ ಬಿಚ್ಚಿ ಹೊಲಿದಿದೀನಿ. ಅವರ ಹೆಸರಿಗೆ ಬೇರೆಯವರ ಬ್ಯಾಗು ತಗಲಿಸೋದು ಬೇಡ ಅನ್ನಿಸ್ತು.

"ಸಾ, ಇದು ಅವರದಲ್ಲ" ಅಂದೆ. ಅಷ್ಟೇ ಅಲ್ಲ, ನಕ್ಕೆ. ಸಂತೋಷಕ್ಕೆ ಬಂದ ನಗು ಅದು. ಅವರಿಗೆ ಹೇಗೆ ಗೊತ್ತಾಗಬೇಕು? ಭವ್ಯ ಬೇರೆ ಆಗಲೇ ಬಾಗಿಲಿಗೆ ಬಂದು ನಿಂತಿದ್ದಳು.

ಅವರ ಮುಖ ನೋಡೋಕಾಗಲಿಲ್ಲ. ಕಿವಿ ತನಕ ಕೆಂಪು.

"ಮೋಸ ಮಾಡಕ್ಕಲ್ಲ ಕಣ್ರಿ" ಅಂದರು. ಎದ್ದರು. ಹೆಲ್ಮೆಟ್ ಹಾಕಿಕೊಂಡೇ ಹೊಸ್ತಿಲು ದಾಟಿದರು. ನಾನು ಎದ್ದು ಚಪ್ಪಲಿ ಹುಡುಕುವಷ್ಟರಲ್ಲಿ ಬೈಕು ತಿರುವು ದಾಟಿತ್ತು.

ಬಾಯಿ ಮುಚ್ಚಿಕೊಂಡು ಇರೋಕೆ ಏನಾಗಿತ್ತು ನನಗೆ.

ಗುರುವಾರ, 23 ಅಕ್ಟೋಬರ್

ಬರಲಿಲ್ಲ.

ಗುರುವಾರ, 13 ನವೆಂಬರ್

ಔಷಧಿ ಅಂಗಡಿ ಹತ್ತಿರ ಹೋಗಿ ನಿಂತೆ. ಪಕ್ಕದ ಗಾಡೀಲಿ ಬೆಳ್ಳುಳ್ಳಿ ತಗೊಳ್ಳೋಳ ಹಾಗೆ. ಅಜ್ಜೀಪುರದ ಆಸ್ಪತ್ರೆಯ ಅಟೆಂಡರ್ ಮಾದು ಬಂದು ಬಾಕ್ಸ್ ಕಟ್ಟಿಸಿಕೊಳ್ತಿದ್ದ. ನಿಮ್ಮ ಕಾಂಪೌಂಡರ್ ಎಲ್ಲಪ್ಪ ಅಂದೆ.

"ಅವ್ರು ಇನ್ಮೇಲೆ ಬರಕಿಲ್ವಂತೆ ಕಣಕ್ಕ. ನೀನೇ ಓಗ್ಬುಟ್ಟು ಬಾ ಅಂದ್ರು."

ಬೆಳ್ಳುಳ್ಳಿ ಮನೆಯಲ್ಲಿ ಬೇಕಾದಷ್ಟಿತ್ತು. ಮತ್ತೆ ತಂದೆ ಅಂತ ದೊಡ್ಡವ್ವನ ಕೈಲಿ ಬೈಸಿಕೊಂಡೆ.

ಫೋನ್ ನಂಬರ್ ಇದೆ. ಮೆಸೇಜ್ ಬರೆದೆ, ಅಳಿಸಿದೆ. ಬರೆದೆ, ಅಳಿಸಿದೆ. ಇಲ್ಲಾದರೂ ಅಳಿಸದೆ ಬರೀತೀನಿ: ಅವರು ಬೇಕು ನನಗೆ. ಆ ಸ್ಟೂಲಿನ ಮೇಲೆ ಕೂತು ದನದ ವಿಷಯ ಹೇಳೋದು ಬೇಕು. ಮೂಲೆಯಲ್ಲಿ ಆ ಸ್ಟೂಲು ಖಾಲಿ ಇರೋದನ್ನ ನೋಡೋಕಾಗದೆ ಅದರ ಮೇಲೆ ಚರ್ಮದ ತುಂಡು ಪೇರಿಸಿದೀನಿ.

ಭಾನುವಾರ, 30 ನವೆಂಬರ್

ಅವರು ಬಿಟ್ಟುಹೋದ ಬ್ಯಾಗನ್ನ ರಿಪೇರಿ ಮಾಡಿದೆ. ಪಟ್ಟಿ ಬದಲಿಸಿದೆ, ಅಂಚಿಗೆ ಮೇಣ ತಿಕ್ಕಿದೆ. ಸೀಮೆಸುಣ್ಣ ಮಾತ್ರ ಒರೆಸಲಿಲ್ಲ.

ಭವ್ಯ ಇವತ್ತು ರೇಗಿಸಲಿಲ್ಲ. ಪಕ್ಕದಲ್ಲಿ ಕೂತಳು. "ಅಕ್ಕ, ಅವತ್ತು ನಾನು ಅಲ್ಲಿ ನಿಂತಿರಬಾರದಿತ್ತು. ಈ ಬ್ಯಾಗು ವಾಪಸ್ ಕೊಡೋ ಥರ ಓಗ್ಬುಟ್ಟು ಬಾ. ನೆಪ ಆಯ್ತದೆ."

ಹೋಗ್ಲಾ? ಊರಿಗೆ ಊರೇ ನೋಡುತ್ತೆ. ಅಲ್ಲಿ ಅವರ ಜನ ಇರ್ತಾರೆ. ಹೊಸ್ತಿಲಾಚೆ ನಿಲ್ಲಿಸಿ ಮಾತಾಡಿಸಿ ಕಳಿಸಿಬಿಟ್ಟರೆ? ಬೇರೆಯವರು ನಿಲ್ಲಿಸಿದರೆ ತಡ್ಕೋತೀನಿ. ಅವರು ನಿಲ್ಲಿಸಿದರೆ ಆಗಲ್ಲ.

ಗುರುವಾರ, 4 ಡಿಸೆಂಬರ್, ಬೆಳಿಗ್ಗೆ

ಬ್ಯಾಗನ್ನ ಕವರಿಗೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಹನೂರಿನ ಮೇಲೆ ಅಜ್ಜೀಪುರಕ್ಕೆ ಹೋಗೋ ಬೆಟ್ಟದ ಬಸ್ಸು ನಿಂತಿತ್ತು. ಒಂದು ಕಾಲು ಮೆಟ್ಟಿಲ ಮೇಲಿಟ್ಟೆ. ಇದನ್ನ ಕೊಟ್ಟರೆ ಅವರು ತಗೊಂಡು ಥ್ಯಾಂಕ್ಸ್ ಅಂತಾರೆ, ನಾನು ಬರ್ತೀನಿ ಅಂತೀನಿ, ಮುಗೀತು. ಇಳಿದೆ. ವಾಪಸ್ ಹೋಗಿ ಬ್ಯಾಗನ್ನ ಭವ್ಯಳ ಕೈಗೆ ಕೊಟ್ಟೆ. ಅಯ್ಯೋ ಹೋಗಲ್ವಾ ಅಂದಳು. ಹೋಗ್ತೀನಿ ಅಂದೆ.

ಆ ಬಸ್ಸು ಹೋಗಿತ್ತು. ಇನ್ನೊಂದರಲ್ಲಿ ಕೂತಿದೀನಿ. ಹನೂರು ದಾಟಿತು. ಕುಲುಕಾಟಕ್ಕೆ ಅಕ್ಷರ ಓಡಾಡ್ತಿವೆ.

ಅಜ್ಜೀಪುರ, ಹನ್ನೆರಡರ ಹತ್ತಿರ

ಆಸ್ಪತ್ರೆ ಹಿಂದಿನ ಹುಣಸೆ ಮರದ ಕೆಳಗೆ ಒಂದು ಎಮ್ಮೆಯ ಬಾಯಿ ಅಗಲಿಸಿ ಬಿದಿರಿನ ಗೊಟ್ಟದಲ್ಲಿ ಔಷಧಿ ಹುಯ್ತಿದ್ದರು. ತಲೆ ಎತ್ತಿ ನನ್ನನ್ನ ನೋಡಿದರು. ಔಷಧಿಯೆಲ್ಲ ಎಮ್ಮೆಯ ಮೂತಿ ಮೇಲೆ.

"ಸಾ, ಬಾಯ್ಗ್ ಉಯ್ರಿ, ಮೂಗ್ಗಲ್ಲ!" ಅಂತ ಎಮ್ಮೆಯವನು ಕೂಗಿದ.

ಗೊಟ್ಟ ಅವನ ಕೈಗೆ ಕೊಟ್ಟು ಹತ್ತಿರ ಬಂದರು. ನನ್ನ ಕೈ ನೋಡಿದರು, ಏನಾದರೂ ತಂದಿದೀನಾ ಅಂತ.

"ಯಶೋದಮ್ಮೋರೆ... ಬ್ಯಾಗು ವಾಪಸ್ ಕೊಡಕ್ ಬಂದ್ರಾ?"

"ಇಲ್ಲ ಸಾ."

"ಮತ್ತೆ?"

"ಏನಿಲ್ಲ. ಸುಮ್ನೆ ಬಂದೆ."

"ಸುಮ್ನೇನಾ?"

"ಊ."

ಕಣ್ಣು ತುಂಬಿಕೊಂಡ ಹಾಗಿತ್ತು, ಬಿಸಿಲಿಗೂ ಇರಬಹುದು. "ಕೈ ಗಲೀಜು. ತೊಳ್ಕಂಡ್ ಬತ್ತೀನಿ. ಒಳಿಕ್ ಬನ್ನಿ, ಕುಂತ್ಕಳಿ. ಓಗ್ಬುಡ್ಬೇಡಿ" ಅಂದು, ಬಾಗಿಲು ತಾವೇ ತೆಗೆದು, ಬೆಂಚಿನ ಮೇಲಿನ ರಿಜಿಸ್ಟರುಗಳನ್ನೆಲ್ಲ ಮೊಣಕೈಯಲ್ಲೇ ಪಕ್ಕಕ್ಕೆ ತಳ್ಳಿ ಜಾಗ ಮಾಡಿ ಹೋದರು.

ಒಳಗೆ ಕೂತಿದೀನಿ. ಕೈಗೆ ಏನಾದರೂ ಕೆಲಸ ಬೇಕು, ಅದಕ್ಕೆ ಬರೀತಿದೀನಿ. ಎಮ್ಮೆ ಹೊರಟು ಹೋಯ್ತು. ಅವರು ಇನ್ನೂ ತೊಳೀತಾನೇ ಇದ್ದಾರೆ. ಕಿಟಕಿಯಲ್ಲಿ ಕಾಣುತ್ತೆ. ಕೈ ಆಯ್ತು, ಮುಖ ಆಯ್ತು, ಮತ್ತೆ ಕೈಗೆ ಸೋಪು. ಒದ್ದೆ ಕೈಯಲ್ಲಿ ತಲೆಗೂದಲು ಒತ್ತಿಕೊಂಡರು. ಅವರಿಗೂ ಭಯ ಅಂತ ಗೊತ್ತಾಗಿ ನನ್ನ ಭಯ ಸ್ವಲ್ಪ ಇಳೀತು.

ನಲ್ಲಿ ನಿಂತಿತು. ಬರ್ತಿದ್ದಾರೆ. ಏನು ಮಾತಾಡೋದು ಅಂತ ನಾನು ಒಂದೂ ಯೋಚಿಸಿಲ್ಲ. ಬಂದರು, ಪುಸ್ತಕ ಮುಚ್ತೀನಿ.